ಉಪಗ್ರಹಗಳಿಂದ ಸ್ಥಳನಿರ್ಣಯ ಮಾಡುವ ಕ್ರಮವೂ ಜಮೀನಿನ ಕೆಲಸಗಳಲ್ಲಿ ಅದರ ಉಪಯೋಗವೂ

ಜಮೀನಿನ ಎಲ್ಲೆಗಳ ವಿಷಯದಲ್ಲಿ ಹುಟ್ಟುವ ವ್ಯಾಜ್ಯಗಳು ನಮ್ಮ ಗ್ರಾಮಗಳಿಗೆ ಹೊಸವಲ್ಲ. ನೆರೆಹೊಲದವನು ವರ್ಷಕ್ಕೊಂದು ಸಾಲಿನಂತೆ ಬದುವನ್ನು ಒತ್ತಿಕೊಂಡು ಬರುವುದು, ಹುಗಿದ ಬಾಂದುಕಲ್ಲು ಉಳುಮೆಯಲ್ಲಿ ಕಿತ್ತುಹೋಗುವುದು, ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಮಾಡಿಕೊಂಡ ಪಾಲು ಮಕ್ಕಳ ಕಾಲಕ್ಕೆ ಮರೆತುಹೋಗುವುದು, ಇವೇ ಮೊದಲಾದ ಕಾರಣಗಳಿಂದ ಒಂದೆರಡು ಗುಂಟೆ ನೆಲಕ್ಕಾಗಿ ಅದರ ಬೆಲೆಗೆ ಮೀರಿದ ಹಣವನ್ನು ನ್ಯಾಯಸ್ಥಾನಗಳಲ್ಲಿ ಕಳೆದುಕೊಂಡವರು ಅನೇಕರಿರುವರು. ಇತ್ತೀಚೆಗೆ ಈ ವ್ಯಾಜ್ಯಗಳಲ್ಲಿ ಒಂದು ಹೊಸ ಸಾಕ್ಷಿಯು ಬಂದು ಸೇರಿರುವುದು. ಅದು ಮೊಬೈಲ್ ಫೋನು. "ನೋಡಿ, ಎಲ್ಲೆಯು ನಿಮ್ಮ ಹೊಲದೊಳಕ್ಕೆ ಎರಡು ಮಾರು ಬಂದಿದೆ, ಇದು ಉಪಗ್ರಹದ ಲೆಕ್ಕ, ಸುಳ್ಳಾಗುವುದಿಲ್ಲ" ಎಂದು ತರುಣರು ಫೋನನ್ನು ಮುಂದೆ ಹಿಡಿಯುವುದನ್ನೂ, ಹಿರಿಯರು ಉತ್ತರ ತೋಚದೆ ಸುಮ್ಮನಾಗುವುದನ್ನೂ ವಾಚಕರಲ್ಲಿ ಕೆಲವರಾದರೂ ನೋಡಿರಬಹುದು.

ಉಪಗ್ರಹದ ಲೆಕ್ಕವು ಸುಳ್ಳಲ್ಲ. ಆದರೆ ಅದು ಎಷ್ಟರಮಟ್ಟಿಗೆ ನಿಜವೆಂಬುದನ್ನು ತಿಳಿಯದೆ ಅದನ್ನು ನಂಬುವುದು, ಹುಲ್ಲಿನ ಗಾಡಿಯನ್ನು ತೂಗುವ ತಕ್ಕಡಿಯಲ್ಲಿ ಚಿನ್ನವನ್ನು ತೂಗಿದಂತೆ ಆಗುವುದು. ಆದಕಾರಣ ಉಪಗ್ರಹಗಳಿಂದ ಸ್ಥಳವನ್ನು ತಿಳಿಯುವ ಕ್ರಮವು ಹೇಗೆ ನಡೆಯುವುದು, ಯಾವ ಕೆಲಸಕ್ಕೆ ಅದು ತಕ್ಕದ್ದು, ಯಾವುದಕ್ಕೆ ತಕ್ಕದ್ದಲ್ಲ ಎಂಬ ಸಂಗತಿಗಳನ್ನು ಗ್ರಾಮದ ಮುಖಂಡರೂ ಜಮೀನುದಾರರೂ ತಿಳಿದಿರುವುದು ಅವಶ್ಯಕವು.

ಹಿಂದಿನ ಅಳತೆಯ ಕ್ರಮ

ಯಾವುದೊಂದು ಸ್ಥಳವನ್ನು ಗೊತ್ತುಮಾಡಬೇಕಾದರೂ ಮೊದಲೇ ಗೊತ್ತಾಗಿರುವ ಇನ್ನೊಂದು ಸ್ಥಳದಿಂದ ಅಳೆದುಕೊಂಡು ಬರಬೇಕು. ಇದೇ ಮೋಜಣಿಯ ಮೂಲತತ್ತ್ವವು. ೧೮೦೨ ನೆಯ ಇಸವಿಯಲ್ಲಿ ಲ್ಯಾಂಬ್ಟನ್ ಎಂಬ ಅಧಿಕಾರಿಯು ಮದರಾಸಿನ ಸೇಂಟ್ ಥಾಮಸ್ ಬೆಟ್ಟದ ಬಳಿ ನೆಲದ ಮೇಲೆ ಒಂದು ಸರಳರೇಖೆಯನ್ನು ಬಹು ಎಚ್ಚರದಿಂದ ಅಳೆದು, ಅದನ್ನೇ ಆಧಾರವಾಗಿಟ್ಟುಕೊಂಡು ಬೆಟ್ಟದಿಂದ ಬೆಟ್ಟಕ್ಕೆ ಕೋನಗಳನ್ನು ನೋಡುತ್ತಾ ತ್ರಿಕೋಣಗಳ ಸರಣಿಯನ್ನು ಕಟ್ಟತೊಡಗಿದನು. ಭಾರತ ದೇಶದ ಭೂಪಟವೆಲ್ಲವೂ ಈ ತ್ರಿಕೋಣಗಳ ಮೇಲೆಯೇ ನಿಂತಿತು. ಮೈಸೂರು ಸೀಮೆಯಲ್ಲಿ ೧೮೬೩ ರಲ್ಲಿ ಕಂದಾಯದ ಮೋಜಣಿಯು ಆರಂಭವಾದಾಗ ಮೋಜಣಿದಾರನು ೩೩ ಅಡಿ ಉದ್ದದ ಸರಪಣಿಯನ್ನು ಹಿಡಿದು ಹೊಲ ಹೊಲವನ್ನೂ ಅಳೆದನು. ಸರಪಣಿಗೆ ೧೬ ಆಣೆ. ಒಂದು ಸರಪಣಿ ಉದ್ದ ಒಂದು ಸರಪಣಿ ಅಗಲದ ನೆಲವು ಒಂದು ಗುಂಟೆ. ೪೦ ಗುಂಟೆಗೆ ಒಂದು ಎಕರೆ. ಆ ಅಳತೆಗಳನ್ನು ಟಿಪ್ಪಣಿಯಲ್ಲಿ ಬರೆದು, ಮೂಲೆಗಳಲ್ಲಿ ಬಾಂದುಕಲ್ಲುಗಳನ್ನು ನೆಟ್ಟು, ಗ್ರಾಮದ ನಕ್ಷೆಯನ್ನು ಬರೆದರು. ಇಂದಿಗೂ ನಮ್ಮ ಹಿಡುವಳಿಗಳ ಎಲ್ಲೆಗಳಿಗೆ ಈ ಕಲ್ಲುಗಳೂ ಟಿಪ್ಪಣಿಗಳೂ ಆಧಾರವಾಗಿರುವುವು.

ಉಪಗ್ರಹಗಳ ಕ್ರಮದಲ್ಲಿಯೂ ಮೂಲತತ್ತ್ವವು ಇದೇ ಆಗಿರುವುದು. ವ್ಯತ್ಯಾಸವೇನೆಂದರೆ, ಗೊತ್ತಾದ ಗುರುತುಗಳು ನೆಲದ ಮೇಲಿಲ್ಲದೆ ಆಕಾಶದಲ್ಲಿ ಚಲಿಸುತ್ತಿರುವುವು. ಸರಪಣಿಯ ಬದಲಾಗಿ ರೇಡಿಯೋ ಅಲೆಯು ಅಳತೆಯನ್ನು ಮಾಡುವುದು.

ಈ ವಿದ್ಯೆಯು ಹುಟ್ಟಿದ ಬಗೆ

೧೯೫೭ ನೆಯ ಇಸವಿ ಅಕ್ಟೋಬರ್ ೪ ರಂದು ಸೋವಿಯತ್ ದೇಶದವರು ಸ್ಪುಟ್ನಿಕ್ ಎಂಬ ಮೊದಲನೆಯ ಕೃತಕ ಉಪಗ್ರಹವನ್ನು ಆಕಾಶಕ್ಕೆ ಏರಿಸಿದರು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದ ಪ್ರಯೋಗಶಾಲೆಯಲ್ಲಿದ್ದ ಗಯರ್ ಮತ್ತು ವೈಫನ್‌ಬಾಕ್ ಎಂಬ ವಿಜ್ಞಾನಿಗಳು ಅದರ ರೇಡಿಯೋ ಧ್ವನಿಯನ್ನು ಕೇಳುತ್ತಿದ್ದಾಗ, ಉಪಗ್ರಹವು ಸಮೀಪಿಸುವಾಗ ಧ್ವನಿಯ ಸ್ವರವು ಏರುವುದನ್ನೂ, ದೂರ ಹೋಗುವಾಗ ಇಳಿಯುವುದನ್ನೂ ಗಮನಿಸಿದರು. ರೈಲುಗಾಡಿಯು ಕೂಗುತ್ತಾ ನಮ್ಮನ್ನು ದಾಟಿ ಹೋಗುವಾಗ ಕೂಗಿನ ಸ್ವರವು ಬದಲಾಗುವಂತೆಯೇ ಇದು. ಈ ವ್ಯತ್ಯಾಸದಿಂದ ಅವರು ಉಪಗ್ರಹದ ಮಾರ್ಗವನ್ನು ಲೆಕ್ಕಹಾಕಿದರು. ನೆಲದ ಮೇಲಿನ ಸ್ಥಳವು ಗೊತ್ತಿದ್ದರೆ ಉಪಗ್ರಹದ ಸ್ಥಳವನ್ನು ತಿಳಿಯಬಹುದಾದ ಮೇಲೆ, ಉಪಗ್ರಹದ ಸ್ಥಳವು ಗೊತ್ತಿದ್ದರೆ ನೆಲದ ಮೇಲಿನ ಸ್ಥಳವನ್ನೂ ತಿಳಿಯಬಹುದಷ್ಟೆ! ಈ ಯೋಚನೆಯಿಂದ ಟ್ರಾನ್ಸಿಟ್ ಎಂಬ ಉಪಗ್ರಹಗಳು ಹುಟ್ಟಿ, ೧೯೬೪ ರಿಂದ ಅಮೆರಿಕದ ನೌಕಾಪಡೆಗೆ ದಾರಿ ತೋರಿಸಿದುವು.

ಇದಕ್ಕಿಂತ ಉತ್ತಮವಾದ ಜಿ.ಪಿ.ಎಸ್. ಎಂಬ ಏರ್ಪಾಡನ್ನು ಅಮೆರಿಕದವರು ೧೯೭೩ ರಲ್ಲಿ ಯೋಜಿಸಿ, ಅದರ ಮೊದಲನೆಯ ಉಪಗ್ರಹವನ್ನು ೧೯೭೮ ರಲ್ಲಿ ಹಾರಿಸಿದರು. ಇದು ಸೈನ್ಯದ ಉಪಯೋಗಕ್ಕಾಗಿ ಮಾಡಿದುದು. ೧೯೮೩ ನೆಯ ಸೆಪ್ಟೆಂಬರ್ ೧ ರಂದು ಕೊರಿಯಾ ದೇಶದ ಪ್ರಯಾಣಿಕರ ವಿಮಾನವೊಂದು ದಾರಿತಪ್ಪಿ ಸೋವಿಯತ್ ಗಡಿಯೊಳಕ್ಕೆ ಹೋಗಲು, ಅದನ್ನು ಹೊಡೆದುರುಳಿಸಲಾಯಿತು. ೨೬೯ ಮಂದಿ ಮಡಿದರು. ಈ ದುರಂತದ ತರುವಾಯ ಅಮೆರಿಕದ ಅಧ್ಯಕ್ಷರಾದ ರೇಗನ್ನರು, ಜಿ.ಪಿ.ಎಸ್. ಪೂರ್ತಿಯಾದೊಡನೆ ಅದನ್ನು ಸರ್ವ ಜನಾಂಗಗಳ ನಾಗರಿಕರಿಗೂ ಬೆಲೆಯಿಲ್ಲದೆ ಒದಗಿಸುವುದಾಗಿ ತಿಳಿಸಿದರು. ೧೯೯೫ ರಲ್ಲಿ ಅದು ಪೂರ್ತಿಯಾಯಿತು. ಆದರೂ ಸೈನ್ಯಕ್ಕಲ್ಲದೆ ಇತರರಿಗೆ ಬರುವ ಸಂಕೇತದಲ್ಲಿ ಬೇಕೆಂದೇ ಸುಮಾರು ೧೦೦ ಮೀಟರುಗಳವರೆಗಿನ ತಪ್ಪನ್ನು ಸೇರಿಸಿದ್ದರು. ೨೦೦೦ ನೆಯ ಮೇ ತಿಂಗಳಲ್ಲಿ ಇದನ್ನು ನಿಲ್ಲಿಸಿದ ಮೇಲೆಯೇ ಈ ವಿದ್ಯೆಯು ಸಾಮಾನ್ಯ ಜನರ ಕೈಗೆ ಸರಿಯಾಗಿ ಬಂದಿತು.

ಕಾಲದಿಂದ ದೂರವನ್ನು ತಿಳಿಯುವುದು

ಮಳೆಗಾಲದಲ್ಲಿ ಮಿಂಚು ಹೊಳೆದ ಮೇಲೆ ಗುಡುಗು ಕೇಳುವವರೆಗೆ ಎಣಿಸಿ, ಸಿಡಿಲು ಎಷ್ಟು ದೂರದಲ್ಲಿರುವುದೆಂದು ಊಹಿಸುವ ವಾಡಿಕೆಯುಂಟು. ಶಬ್ದವು ಸುಮಾರು ಮೂರು ಸೆಕೆಂಡುಗಳಲ್ಲಿ ಒಂದು ಕಿಲೋಮೀಟರು ಬರುವುದರಿಂದ, ಒಂಬತ್ತು ಸೆಕೆಂಡುಗಳಾದರೆ ಸಿಡಿಲು ಮೂರು ಕಿಲೋಮೀಟರು ದೂರದಲ್ಲಿರುವುದು. ಉಪಗ್ರಹಗಳಿಂದ ದೂರವನ್ನು ಅಳೆಯುವುದೂ ಹೀಗೆಯೇ. ಶಬ್ದದ ಬದಲು ರೇಡಿಯೋ ಅಲೆ. ಅದರ ವೇಗವು ಬೆಳಕಿನ ವೇಗ, ಅಂದರೆ ಸೆಕೆಂಡಿಗೆ ಸುಮಾರು ೩ ಲಕ್ಷ ಕಿಲೋಮೀಟರು. ಜಿ.ಪಿ.ಎಸ್. ಉಪಗ್ರಹಗಳು ಭೂಮಿಯಿಂದ ಸುಮಾರು ೨೦,೨೦೦ ಕಿಲೋಮೀಟರು ಎತ್ತರದಲ್ಲಿ, ದಿವಸಕ್ಕೆ ಎರಡು ಸಲ ಭೂಮಿಯನ್ನು ಸುತ್ತುತ್ತಿರುವುವು. ನೆತ್ತಿಯ ಮೇಲಿರುವ ಉಪಗ್ರಹದಿಂದ ಅಲೆಯು ಒಂದು ಸೆಕೆಂಡಿನ ಹದಿನೈದರಲ್ಲಿ ಒಂದು ಪಾಲಿನಷ್ಟು ಕಾಲದಲ್ಲಿ ನಮ್ಮನ್ನು ಮುಟ್ಟುವುದು. ಪ್ರತಿಯೊಂದು ಉಪಗ್ರಹವೂ "ನಾನು ಇಂಥ ಉಪಗ್ರಹ, ಇಂಥ ಸ್ಥಳದಲ್ಲಿರುವೆನು, ಈಗ ಗಂಟೆಯು ಇಷ್ಟು" ಎಂದು ಎಡೆಬಿಡದೆ ಸಾರುತ್ತಿರುವುದು. ನಮ್ಮ ಕೈಯಲ್ಲಿರುವ ಯಂತ್ರವು ಅದನ್ನು ಕೇಳಿ, ಹೊರಟ ಕಾಲಕ್ಕೂ ಬಂದ ಕಾಲಕ್ಕೂ ಇರುವ ಅಂತರದಿಂದ ದೂರವನ್ನು ಲೆಕ್ಕಹಾಕುವುದು.

ದೂರವು ತಿಳಿದ ಮಾತ್ರಕ್ಕೆ ಸ್ಥಳವು ತಿಳಿಯುವುದೆ? ಹಿಂದೆ ಒಕ್ಕಣೆಯ ಕಣದಲ್ಲಿ ಮೇಟಿಗೆ ಕಟ್ಟಿದ ಎತ್ತುಗಳನ್ನು ಇಲ್ಲಿ ನೆನೆಯಬಹುದು. ಇಪ್ಪತ್ತು ಅಡಿ ಹಗ್ಗವನ್ನು ಬಿಗಿಯಾಗಿ ಎಳೆದುಕೊಂಡು ಎತ್ತು ನಿಂತಿದೆಯೆಂದು ಮಾತ್ರ ತಿಳಿದರೆ, ಅದು ಮೇಟಿಯ ಸುತ್ತಲಿನ ವೃತ್ತದಲ್ಲಿ ಎಲ್ಲಿಯಾದರೂ ಇರಬಹುದು. ಅದೇ ಎತ್ತಿಗೆ ಬೇರೊಂದು ಗೂಟದಿಂದಲೂ ಒಂದು ಹಗ್ಗವನ್ನು ಬಿಗಿದರೆ, ಎರಡು ವೃತ್ತಗಳು ಕೂಡುವ ಎರಡು ಸ್ಥಳಗಳಲ್ಲಿ ಒಂದರಲ್ಲಿ ಮಾತ್ರ ಇರಬಲ್ಲುದು. ಮೂರನೆಯ ಗೂಟದ ಹಗ್ಗವು ಆ ಎರಡರಲ್ಲಿ ಯಾವುದೆಂಬುದನ್ನು ಹೇಳಿಬಿಡುವುದು. ಆಕಾಶದಲ್ಲಿರುವ ಉಪಗ್ರಹಗಳೇ ಗೂಟಗಳು. ಅಳೆದ ದೂರಗಳೇ ಹಗ್ಗಗಳು.

ಆದರೆ ಒಂದು ತೊಡಕುಂಟು. ಉಪಗ್ರಹಗಳಲ್ಲಿರುವುವು ಪರಮಾಣು ಗಡಿಯಾರಗಳು. ರುಬಿಡಿಯಂ, ಸೀಸಿಯಂ ಮೊದಲಾದ ಧಾತುಗಳ ಪರಮಾಣುಗಳ ಕಂಪನದಿಂದ ಕಾಲವನ್ನು ಎಣಿಸತಕ್ಕುವು. ಇಂಥ ಬೆಲೆಬಾಳುವ ಗಡಿಯಾರವನ್ನು ಫೋನಿನಲ್ಲಿ ಇಡಲಾಗುವುದಿಲ್ಲ. ಫೋನಿನ ಗಡಿಯಾರವು ಒಂದು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು ತಪ್ಪಿದರೂ ದೂರದಲ್ಲಿ ೩೦೦ ಮೀಟರು ತಪ್ಪುವುದು. ನೂರು ಕೋಟಿಯಲ್ಲಿ ಒಂದು ಪಾಲು ತಪ್ಪಿದರೆ ಸುಮಾರು ಒಂದು ಅಡಿ. ಇದಕ್ಕೆ ಪರಿಹಾರವೇ ನಾಲ್ಕನೆಯ ಉಪಗ್ರಹವು. ಫೋನಿನ ಗಡಿಯಾರವು ತಪ್ಪಿದ್ದರೆ ಎಲ್ಲ ಹಗ್ಗಗಳೂ ಒಂದೇ ಅಳತೆಯಷ್ಟು ಉದ್ದವಾಗಿಯೋ ಗಿಡ್ಡವಾಗಿಯೋ ಕಾಣುವುವು. ಆಗ ನಾಲ್ಕು ಹಗ್ಗಗಳು ಒಂದೆಡೆಯಲ್ಲಿ ಕೂಡುವುದಿಲ್ಲ. ಅವು ನಾಲ್ಕೂ ಕೂಡುವವರೆಗೆ ಯಂತ್ರವು ತನ್ನ ಗಡಿಯಾರವನ್ನು ತಿದ್ದಿಕೊಳ್ಳುವುದು. ಹೀಗೆ ನಾಲ್ಕು ಉಪಗ್ರಹಗಳು ಕಂಡರೆ ಅಕ್ಷಾಂಶ, ರೇಖಾಂಶ, ಎತ್ತರ, ಕಾಲ ಎಂಬ ನಾಲ್ಕು ಸಂಗತಿಗಳು ತಿಳಿಯುವುವು. ಹೆಚ್ಚು ಕಂಡಷ್ಟೂ ಲೆಕ್ಕವು ಉತ್ತಮ. ಅದಕ್ಕಾಗಿಯೇ ಕನಿಷ್ಠಪಕ್ಷಕ್ಕೆ ೨೪ ಉಪಗ್ರಹಗಳನ್ನು ಆರು ಮಾರ್ಗಗಳಲ್ಲಿ ಹಂಚಿ ಸುತ್ತಿಸುವರು.

ಕಾಲದ ವಿಷಯದಲ್ಲಿ ಎಷ್ಟು ಎಚ್ಚರವು ಬೇಕೆಂಬುದಕ್ಕೆ ಒಂದು ಉದಾಹರಣೆಯು ಸಾಕು. ಭೂಮಿಯ ಆಕರ್ಷಣೆಯು ಕಡಮೆಯಿರುವ ಎತ್ತರದಲ್ಲಿ ಗಡಿಯಾರವು ಸ್ವಲ್ಪ ಬೇಗ ನಡೆಯುವುದೆಂದೂ, ವೇಗವಾಗಿ ಓಡುವ ಗಡಿಯಾರವು ಸ್ವಲ್ಪ ನಿಧಾನವಾಗುವುದೆಂದೂ ಐನ್‌ಸ್ಟೈನರು ಕಂಡುಹಿಡಿದರು. ಇವೆರಡೂ ಸೇರಿ ಉಪಗ್ರಹದ ಗಡಿಯಾರವು ದಿವಸಕ್ಕೆ ಸೆಕೆಂಡಿನ ಹತ್ತು ಲಕ್ಷದಲ್ಲಿ ೩೮ ಪಾಲಿನಷ್ಟು ಮುಂದಕ್ಕೆ ಹೋಗುವುದು. ಇದನ್ನು ತಿದ್ದದೆ ಬಿಟ್ಟರೆ ಅಳೆದ ದೂರವು ಒಂದೇ ದಿವಸದಲ್ಲಿ ೧೧ ಕಿಲೋಮೀಟರು ತಪ್ಪಿಹೋಗುವುದು.

ಇಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸತಕ್ಕದ್ದು. ನಮ್ಮ ಫೋನು ಉಪಗ್ರಹಕ್ಕೆ ಏನನ್ನೂ ಕಳುಹಿಸುವುದಿಲ್ಲ. ಕೇಳುವುದು ಮಾತ್ರ ಅದರ ಕೆಲಸ. ಆದಕಾರಣ ಇದಕ್ಕೆ ಶುಲ್ಕವಿಲ್ಲ. ಫೋನಿನ ಗೋಪುರವಿಲ್ಲದ ಕಾಡಿನಲ್ಲಿಯೂ ಸ್ಥಳವು ತಿಳಿಯುವುದು. ಆದರೆ ನಕ್ಷೆಯು ಬೇರೆ ದಾರಿಯಿಂದ ಬರತಕ್ಕುದಾದುದರಿಂದ ಅದನ್ನು ಮೊದಲೇ ಫೋನಿನಲ್ಲಿ ಇಳಿಸಿಟ್ಟುಕೊಂಡಿರಬೇಕು.

ನಮ್ಮ ದೇಶದ ಉಪಗ್ರಹಗಳು

ಜಿ.ಪಿ.ಎಸ್. ಅಲ್ಲದೆ ರಷ್ಯಾ ದೇಶದ ಗ್ಲೊನಾಸ್, ಯೂರೋಪಿನ ಗೆಲಿಲಿಯೋ, ಚೀಣಾ ದೇಶದ ಬೈದೂ ಎಂಬ ಏರ್ಪಾಡುಗಳಿರುವುವು. ಇನ್ನೊಂದು ದೇಶದ ಸೈನ್ಯದ ಅಧೀನದಲ್ಲಿರುವ ಸಾಧನವನ್ನೇ ಸರ್ವಕಾಲಕ್ಕೂ ನಂಬಿರುವುದು ಯುಕ್ತವಲ್ಲವೆಂದು ಭಾರತ ಸರ್ಕಾರದವರು ೨೦೦೬ ರಲ್ಲಿ ಸ್ವಂತ ಏರ್ಪಾಡಿಗೆ ಒಪ್ಪಿಗೆ ಕೊಟ್ಟರು. ೨೦೧೩ ನೆಯ ಜುಲೈ ೧ ರಿಂದ ೨೦೧೬ ನೆಯ ಏಪ್ರಿಲ್ ೨೮ ರವರೆಗೆ ಏಳು ಉಪಗ್ರಹಗಳನ್ನು ಶ್ರೀಹರಿಕೋಟೆಯಿಂದ ಹಾರಿಸಲಾಯಿತು. ಈ ಏರ್ಪಾಡಿಗೆ ನಾವಿಕ್ ಎಂದು ಹೆಸರು. ಇದರ ಉಪಗ್ರಹಗಳು ಸುಮಾರು ೩೬,೦೦೦ ಕಿಲೋಮೀಟರು ಎತ್ತರದಲ್ಲಿದ್ದು ಭೂಮಿಯು ತಿರುಗುವಷ್ಟೇ ಕಾಲದಲ್ಲಿ ಒಂದು ಸುತ್ತು ಬರುವುದರಿಂದ ಯಾವಾಗಲೂ ನಮ್ಮ ಪ್ರದೇಶದ ಆಕಾಶದಲ್ಲಿಯೇ ಇರುವುವು. ಭಾರತ ದೇಶಕ್ಕೂ ಅದರ ಎಲ್ಲೆಯಿಂದ ೧,೫೦೦ ಕಿಲೋಮೀಟರುಗಳವರೆಗಿನ ಪ್ರದೇಶಕ್ಕೂ ಉಪಯೋಗವಾಗುವಂತೆ ಇದನ್ನು ರಚಿಸಿರುವರು.

ಈ ಕೆಲಸದಲ್ಲಿ ಕರ್ನಾಟಕಕ್ಕೆ ದೊಡ್ಡ ಪಾಲಿರುವುದು. ಬೆಂಗಳೂರಿನ ಹತ್ತಿರ ಬ್ಯಾಲಾಳು ಗ್ರಾಮದಲ್ಲಿ ೨೦೧೩ ರಲ್ಲಿ ತೆರೆದ ಕೇಂದ್ರವು ನಾವಿಕ್ ಉಪಗ್ರಹಗಳ ಕಾಲವನ್ನೂ ಮಾರ್ಗವನ್ನೂ ಲೆಕ್ಕಹಾಕುವುದು. ಹಾಸನದಲ್ಲಿರುವ ಕೇಂದ್ರವು ಉಪಗ್ರಹಗಳನ್ನು ನಡೆಸುವ ಕೆಲಸದಲ್ಲಿ ತೊಡಗಿರುವುದು. ವಿಮಾನಗಳಿಗೆ ಜಿ.ಪಿ.ಎಸ್. ಲೆಕ್ಕದ ತಪ್ಪುಗಳನ್ನು ತಿದ್ದಿ ಹೇಳುವ ಗಗನ್ ಎಂಬ ಏರ್ಪಾಡಿನ ಮುಖ್ಯ ಕೇಂದ್ರವೂ ಬೆಂಗಳೂರಿನ ಕುಂದಲಹಳ್ಳಿಯಲ್ಲಿರುವುದು.

ಈ ಪ್ರಯತ್ನದಲ್ಲಿ ಎಡರುಗಳೂ ಬಂದುವು. ಹೊರದೇಶದಿಂದ ತರಿಸಿದ ಪರಮಾಣು ಗಡಿಯಾರಗಳು ಕೆಲವು ಉಪಗ್ರಹಗಳಲ್ಲಿ ಕೆಟ್ಟು ನಿಂತುವು; ಮೊದಲನೆಯ ಉಪಗ್ರಹದ ಬದಲಿಗೆ ೨೦೧೭ ರಲ್ಲಿ ಹಾರಿಸಿದ ಉಪಗ್ರಹವು ಹೊರಕವಚವು ಕಳಚಿಕೊಳ್ಳದೆ ಹೋದುದರಿಂದ ನಿಷ್ಫಲವಾಯಿತು. ತರುವಾಯ ನಮ್ಮ ದೇಶದಲ್ಲಿಯೇ ತಯಾರಿಸಿದ ರುಬಿಡಿಯಂ ಗಡಿಯಾರವನ್ನು ಹೊತ್ತ ಉಪಗ್ರಹವನ್ನು ೨೦೨೩ ನೆಯ ಮೇ ೨೯ ರಂದು ಹಾರಿಸಲಾಯಿತು. ಗಡಿಯಾರವು ನಿಂತರೆ ಸ್ಥಳವು ತಿಳಿಯುವುದಿಲ್ಲವೆಂಬ ಮಾತು ಇದರಿಂದ ಸ್ಪಷ್ಟಪಡುವುದು.

ತಪ್ಪು ಎಲ್ಲಿಂದ ಬರುವುದು

ಈಗ ಮುಖ್ಯ ವಿಷಯಕ್ಕೆ ಬರೋಣ. ಉಪಗ್ರಹದಿಂದ ಹೊರಟ ಅಲೆಯು ನಮ್ಮನ್ನು ಮುಟ್ಟುವುದರೊಳಗಾಗಿ ಅನೇಕ ಅಡ್ಡಿಗಳನ್ನು ದಾಟಬೇಕಾಗಿರುವುದು.

ಮೊದಲನೆಯದು, ಭೂಮಿಯ ಮೇಲಿನ ವಿದ್ಯುತ್ಕಣಗಳ ಪದರ. ಸೂರ್ಯನ ಕಿರಣಗಳಿಂದ ಹುಟ್ಟಿದ ಈ ಪದರದಲ್ಲಿ ಸಂಕೇತವು ಸ್ವಲ್ಪ ತಡವಾಗುವುದು; ತಡವಾದಷ್ಟೂ ದೂರವು ಹೆಚ್ಚಾಗಿ ತೋರುವುದು. ಭೂಮಿಯ ಅಯಸ್ಕಾಂತದ ಮಧ್ಯರೇಖೆಯು ಭಾರತದ ದಕ್ಷಿಣ ತುದಿಯ ಬಳಿ ಹಾದುಹೋಗುವುದರಿಂದ ನಮ್ಮ ಸೀಮೆಯಲ್ಲಿ ಈ ಪದರದ ಉಪದ್ರವವು ಹೆಚ್ಚು. ಕೆಲವು ಕಾಲಗಳಲ್ಲಿ ಸೂರ್ಯಾಸ್ತವಾದ ಮೇಲೆ ಮತ್ತೂ ಹೆಚ್ಚು. ಎರಡು ಬೇರೆ ಬೇರೆ ಅಲೆಗಳನ್ನು ಕೇಳಬಲ್ಲ ಯಂತ್ರಗಳು ಈ ತಪ್ಪನ್ನು ಬಹುಮಟ್ಟಿಗೆ ತಿದ್ದಿಕೊಳ್ಳುವುವು.

ಎರಡನೆಯದು, ಮರೆ. ಈ ಅಲೆಯು ಬಹಳ ಕ್ಷೀಣವಾದುದು. ಅಡಕೆ ತೋಟದ ಒತ್ತಾದ ನೆತ್ತಿ, ಮಾವಿನ ತೋಪು, ಕಣಿವೆ, ಮನೆಯ ಮಾಳಿಗೆ ಇವು ಅದನ್ನು ತಡೆಯುವುವು, ಇಲ್ಲವೆ ಮತ್ತಷ್ಟು ಕುಂದಿಸುವುವು. ಬಯಲುಸೀಮೆಯ ತೆರೆದ ಹೊಲದಲ್ಲಿ ಸಿಕ್ಕುವ ಲೆಕ್ಕವು ಮಲೆನಾಡಿನ ತೋಟದೊಳಗೆ ಸಿಕ್ಕುವುದಿಲ್ಲ.

ಮೂರನೆಯದು, ಪ್ರತಿಧ್ವನಿ. ಗೋಡೆ, ತಗಡಿನ ಛಾವಣಿ, ಬಂಡೆ ಇವುಗಳಿಗೆ ತಗುಲಿ ಬರುವ ಅಲೆಯು ಸುತ್ತುದಾರಿಯಿಂದ ಬರುವುದರಿಂದ ದೂರವು ಹೆಚ್ಚಾಗಿ ಕಾಣುವುದು.

ನಾಲ್ಕನೆಯದು, ಉಪಗ್ರಹಗಳ ಹಂಚಿಕೆ. ಎಲ್ಲ ಗೂಟಗಳೂ ಒಂದೇ ಕಡೆಯಲ್ಲಿದ್ದರೆ ಹಗ್ಗಗಳು ಕೂಡುವ ಸ್ಥಳವು ಸ್ಪಷ್ಟವಾಗುವುದಿಲ್ಲ. ಉಪಗ್ರಹಗಳು ನಮ್ಮ ತಲೆಯ ಮೇಲ್ಗಡೆಯಲ್ಲಿಯೇ ಇದ್ದು ಕೆಳಗಡೆಯಲ್ಲಿ ಇಲ್ಲದಿರುವುದರಿಂದ ಎತ್ತರದ ಲೆಕ್ಕವು ಉಳಿದುವುಗಳಿಗಿಂತ ಹೆಚ್ಚು ತಪ್ಪುವುದು. ಕಾಲುವೆಯ ಮಟ್ಟವನ್ನೂ ಬದುಗಳ ಸಮಮಟ್ಟವನ್ನೂ ಫೋನಿನಿಂದ ನೋಡಬಾರದೆಂಬುದಕ್ಕೆ ಇದೇ ಕಾರಣವು.

ಇವೆಲ್ಲವೂ ಸೇರಿ, ತೆರೆದ ಆಕಾಶದ ಕೆಳಗೆ ಒಂದು ಒಳ್ಳೆಯ ಫೋನು ತೋರಿಸುವ ಸ್ಥಳವು ಸಾಮಾನ್ಯವಾಗಿ ನಿಜವಾದ ಸ್ಥಳದಿಂದ ೫ ಮೀಟರು, ಅಂದರೆ ೧೬ ಅಡಿಗಳಷ್ಟು ಆಚೀಚೆ ಇರಬಹುದು. ಮರಗಳ ಕೆಳಗೆ ಇನ್ನೂ ಹೆಚ್ಚು. ಊರಿನ ದಾರಿ ಹುಡುಕುವವನಿಗೆ ೧೬ ಅಡಿಯು ಲೆಕ್ಕಕ್ಕೆ ಬಾರದು. ಜಮೀನಿನಲ್ಲಿ ಅದರ ಬೆಲೆಯನ್ನು ನೋಡಿರಿ. ನಾಲ್ಕು ಮೂಲೆಯೂ ಸಮನಾಗಿರುವ ಒಂದು ಎಕರೆಯ ಹೊಲದ ಒಂದೊಂದು ಪಕ್ಕವೂ ಸುಮಾರು ೨೦೯ ಅಡಿ. ಒಂದು ಪಕ್ಕದ ಎಲ್ಲೆಯನ್ನು ೧೬ ಅಡಿ ಸರಿಸಿದರೆ ಹೋಗುವ ನೆಲವು ೩,೩೪೪ ಚದರ ಅಡಿ. ಗುಂಟೆಗೆ ೧,೦೮೯ ಚದರ ಅಡಿಯಾದುದರಿಂದ ಇದು ಮೂರು ಗುಂಟೆಗೆ ಮಿಕ್ಕುವುದು. ಯಾರೂ ಸುಳ್ಳು ಹೇಳದೆ, ಯಾರೂ ಬದುವನ್ನು ಒತ್ತದೆ, ಒಂದು ಕೈಯಂತ್ರದ ಮಾತಿನ ಮೇಲೆ ಎಕರೆಗೆ ಮೂರು ಗುಂಟೆಯು ಒಬ್ಬನಿಂದ ಇನ್ನೊಬ್ಬನಿಗೆ ಹೋಗಿಬಿಡುವುದು!

ಫೋನಿನ ತೆರೆಯ ಮೇಲೆ ಕಾಣುವ ಗೆರೆಯಲ್ಲಿಯೂ ತಪ್ಪುಂಟು. ಭೂಮಾಪನ ಇಲಾಖೆಯವರು ಒದಗಿಸಿರುವ ದಿಶಾಂಕ್ ಎಂಬ ಆ್ಯಪು ನಾವು ನಿಂತ ಸ್ಥಳದ ಸರ್ವೆ ನಂಬರನ್ನು ತೋರಿಸುವುದು, ಬಹು ಉಪಯುಕ್ತವಾದುದು. ಆದರೆ ಅದರಲ್ಲಿರುವ ಎಲ್ಲೆಗಳು ಹಳೆಯ ಗ್ರಾಮ ನಕ್ಷೆಗಳಿಂದ ತೆಗೆದುಕೊಂಡುವು. ಆ ನಕ್ಷೆಗಳು ಸಾಮಾನ್ಯವಾಗಿ ಮೈಲಿಗೆ ಎಂಟು ಇಂಚಿನ ಪ್ರಮಾಣದಲ್ಲಿ ಬರೆದುವು. ಅಂಥ ನಕ್ಷೆಯಲ್ಲಿ ಅರ್ಧ ಮಿಲಿಮೀಟರು ದಪ್ಪದ ಗೆರೆಯು ನೆಲದ ಮೇಲೆ ಸುಮಾರು ೧೩ ಅಡಿ ಅಗಲವಾಗುವುದು. ಫೋನಿನ ತಪ್ಪಿಗೆ ಗೆರೆಯ ತಪ್ಪೂ ಸೇರಿದರೆ ಎಲ್ಲೆಯ ನಿರ್ಣಯಕ್ಕೆ ಆಧಾರವೆಲ್ಲಿ ಉಳಿಯುವುದು?

ಸೂಕ್ಷ್ಮವಾಗಿ ಅಳೆಯುವ ಯಂತ್ರಗಳು

ಹಾಗಾದರೆ ಉಪಗ್ರಹಗಳಿಂದ ಎಲ್ಲೆಯನ್ನು ಅಳೆಯಲು ಸಾಧ್ಯವೇ ಇಲ್ಲವೆಂದು ತಿಳಿಯಬಾರದು. ಸಾಧ್ಯವುಂಟು; ಯಂತ್ರವು ಬೇರೆ, ಕ್ರಮವೂ ಬೇರೆ. ಸ್ಥಳವು ಸರಿಯಾಗಿ ಗೊತ್ತಿರುವ ಕಡೆಯಲ್ಲಿ ಒಂದು ಯಂತ್ರವನ್ನು ಅಲುಗದಂತೆ ನಿಲ್ಲಿಸುವರು. ಉಪಗ್ರಹಗಳ ಲೆಕ್ಕವು ಆ ಕ್ಷಣದಲ್ಲಿ ಎಷ್ಟು ತಪ್ಪುತ್ತಿದೆಯೆಂಬುದು ಅದಕ್ಕೆ ತಿಳಿಯುವುದು. ಆ ತಪ್ಪನ್ನು ಅದು ರೇಡಿಯೋ ಮೂಲಕವಾಗಲಿ ಫೋನಿನ ಮೂಲಕವಾಗಲಿ ಹೊಲದಲ್ಲಿರುವ ಎರಡನೆಯ ಯಂತ್ರಕ್ಕೆ ತಿಳಿಸುವುದು. ಹತ್ತಿರ ಹತ್ತಿರವಿರುವ ಎರಡು ಯಂತ್ರಗಳಿಗೂ ಆಕಾಶದ ಪದರದ ತಪ್ಪು ಹೆಚ್ಚು ಕಡಮೆ ಒಂದೇ ಆಗಿರುವುದರಿಂದ, ಎರಡನೆಯ ಯಂತ್ರವು ಅದನ್ನು ಕಳೆದುಬಿಡುವುದು. ಅಲ್ಲದೆ, ಈ ಯಂತ್ರಗಳು ಉಪಗ್ರಹದ ಮಾತನ್ನು ಮಾತ್ರ ಕೇಳದೆ ಅಲೆಯ ಏರಿಳಿತಗಳನ್ನೇ ಎಣಿಸುವುವು. ಜಿ.ಪಿ.ಎಸ್.ನ ಮುಖ್ಯ ಅಲೆಯ ಉದ್ದವು ೧೯ ಸೆಂಟಿಮೀಟರು, ಅಂದರೆ ಒಂದು ಗೇಣಿಗಿಂತ ಸ್ವಲ್ಪ ಕಡಮೆ. ಅದರ ಒಂದು ಸಣ್ಣ ಪಾಲನ್ನೂ ಗುರುತಿಸಬಹುದಾದುದರಿಂದ ಎರಡು ಮೂರು ಸೆಂಟಿಮೀಟರಿನೊಳಗೆ ಸ್ಥಳವು ಗೊತ್ತಾಗುವುದು.

ಈ ಎರಡನೆಯ ಯಂತ್ರಕ್ಕೆ ರೋವರು ಎಂದು ಹೆಸರು. ರಾಜ್ಯದ ಭೂಮಾಪಕರ ಕೈಯಲ್ಲಿ ಸರಪಣಿಯ ಸ್ಥಾನಕ್ಕೆ ಇದು ಬರುತ್ತಿರುವುದು. ಊರೂರಿಗೂ ಅಲುಗದ ಯಂತ್ರವನ್ನು ಹೊತ್ತುಕೊಂಡು ಹೋಗುವ ಶ್ರಮವು ತಪ್ಪುವಂತೆ, ಸರ್ವೆ ಆಫ್ ಇಂಡಿಯಾದವರು ಕರ್ನಾಟಕವೂ ಸೇರಿದಂತೆ ಅನೇಕ ಪ್ರಾಂತ್ಯಗಳಲ್ಲಿ ಹಗಲಿರುಳೂ ನಡೆಯುವ ಸ್ಥಿರ ಕೇಂದ್ರಗಳನ್ನು ಸ್ಥಾಪಿಸಿರುವರು. ೨೦೨೦ ನೆಯ ಏಪ್ರಿಲ್ ೨೪ ರಂದು ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನುಗಳಿಂದ ಗ್ರಾಮಗಳನ್ನು ಅಳೆಯುವುದಕ್ಕೂ ಈ ಕೇಂದ್ರಗಳೇ ಆಧಾರ. ಆ ಯೋಜನೆಯು ಗ್ರಾಮಠಾಣೆಯ ಮನೆ ನಿವೇಶನಗಳಿಗೆ ಸಂಬಂಧಪಟ್ಟುದೇ ಹೊರತು ಹೊಲಗದ್ದೆಗಳಿಗಲ್ಲವೆಂಬುದನ್ನು ನೆನಪಿನಲ್ಲಿಡಬೇಕು.

ಇಷ್ಟು ಸೂಕ್ಷ್ಮವಾದ ಯಂತ್ರವು ಬಂದ ಮೇಲೆ ಕಲ್ಲುಗಳೇಕೆ ಎಂದು ಕೆಲವರು ಕೇಳಬಹುದು. ಭಾರತ ಭೂಖಂಡವು ವರ್ಷಕ್ಕೆ ಸುಮಾರು ಐದು ಸೆಂಟಿಮೀಟರುಗಳಂತೆ ಈಶಾನ್ಯದ ಕಡೆಗೆ ಸರಿಯುತ್ತಿರುವುದು. ಇಪ್ಪತ್ತು ವರ್ಷಗಳಲ್ಲಿ ಇದು ಒಂದು ಮೀಟರಾಗುವುದು. ಭೂಮಂಡಲದ ಲೆಕ್ಕದಲ್ಲಿ ಇಂದು ಬರೆದಿಟ್ಟ ಅಕ್ಷಾಂಶ ರೇಖಾಂಶಗಳನ್ನು ಹಿಡಿದುಕೊಂಡು, ಈ ಚಲನೆಯನ್ನು ತಿದ್ದದೆ, ಮೊಮ್ಮಕ್ಕಳು ಹುಡುಕಲು ಹೋದರೆ ಎಲ್ಲೆಯು ನೆರೆಯವನ ಹೊಲದಲ್ಲಿ ಸಿಕ್ಕೀತು. ಬಾಂದುಕಲ್ಲಾದರೋ ಹೊಲದೊಡನೆಯೇ ಸರಿಯುವುದು. ಎರಡು ಹೊಲಗಳ ನಡುವೆ ತಾನಿದ್ದಲ್ಲಿಯೇ ಇರುವುದು. ಹಿರಿಯರು ಕಲ್ಲನ್ನು ನೆಟ್ಟುದು ವ್ಯರ್ಥವಾಗಲಿಲ್ಲ.

ಬೇಸಾಯದಲ್ಲಿಯೂ ಇತರ ಕೆಲಸಗಳಲ್ಲಿಯೂ ಉಪಯೋಗ

ಐದು ಮೀಟರಿನ ತಪ್ಪು ಬಾಧಕವಾಗದ ಕೆಲಸಗಳು ಅನೇಕವಾಗಿರುವುವು. ಮಣ್ಣಿನ ಪರೀಕ್ಷೆಗಾಗಿ ಮಾದರಿಯನ್ನು ತೆಗೆದಾಗ ಸ್ಥಳವನ್ನು ಗುರುತಿಸಿಟ್ಟರೆ ಮೂರು ವರ್ಷದ ತರುವಾಯ ಅದೇ ಭಾಗದ ಮಣ್ಣನ್ನು ತೆಗೆದು, ಸಾರವು ಹೆಚ್ಚಿದೆಯೋ ಕುಗ್ಗಿದೆಯೋ ನೋಡಬಹುದು. ಬೆಳೆ ಸಮೀಕ್ಷೆಯಲ್ಲಿ ಪೈರಿನ ಚಿತ್ರದೊಡನೆ ಸ್ಥಳವೂ ದಾಖಲಾಗುವುದರಿಂದ, ಬೆಳೆ ವಿಮೆ ಮತ್ತು ನಷ್ಟಪರಿಹಾರಗಳಿಗೆ ಆಧಾರವು ದೊರೆಯುವುದು. ಬಿತ್ತನೆಗೂ ಗೊಬ್ಬರಕ್ಕೂ ಅಂದಾಜು ವಿಸ್ತೀರ್ಣವು ಬೇಕಾದಲ್ಲಿ ಫೋನನ್ನು ಹಿಡಿದು ಹೊಲದ ಅಂಚಿನಲ್ಲಿ ಒಂದು ಸುತ್ತು ನಡೆದರೆ ಸಾಕು. ಕ್ರಯಕ್ಕೂ ಪಾಲಿಗೂ ಆ ಲೆಕ್ಕವು ಸಲ್ಲದು.

ಸೂಕ್ಷ್ಮ ಯಂತ್ರಗಳನ್ನು ಜೋಡಿಸಿದ ಟ್ರಾಕ್ಟರುಗಳು ಸಾಲು ತಪ್ಪದೆ ತಾವೇ ನೇರವಾಗಿ ಸಾಗಬಲ್ಲುವು. ಇದರಿಂದ ಬಿತ್ತಿದಲ್ಲಿಯೇ ಮತ್ತೆ ಬಿತ್ತುವುದೂ, ನಡುವೆ ನೆಲವು ಬಿಟ್ಟುಹೋಗುವುದೂ ತಪ್ಪುವುವು. ಔಷಧಿ ಸಿಂಪಡಿಸುವ ಡ್ರೋನು ಗೊತ್ತುಮಾಡಿದ ದಾರಿಯಲ್ಲಿ ಹಾರುವುದೂ ಉಪಗ್ರಹಗಳ ನೆರವಿನಿಂದಲೇ.

ಹಾಸನ, ಕೊಡಗು ಪ್ರಾಂತ್ಯಗಳಲ್ಲಿ ಅರಣ್ಯ ಇಲಾಖೆಯವರು ಕೆಲವು ಕಾಡಾನೆಗಳ ಕೊರಳಿಗೆ ಪಟ್ಟಿಯನ್ನು ಕಟ್ಟಿರುವರು. ಪಟ್ಟಿಯಲ್ಲಿರುವ ಯಂತ್ರವು ಆನೆಯು ಎಲ್ಲಿದೆಯೆಂಬುದನ್ನು ಆಗಾಗ್ಗೆ ತಿಳಿಸುವುದರಿಂದ ಹಿಂಡು ತೋಟದ ಸಮೀಪಕ್ಕೆ ಬಂದಾಗ ಜನರನ್ನು ಎಚ್ಚರಿಸಲು ಅನುಕೂಲವಾಗುವುದು. ಸಮುದ್ರದಲ್ಲಿ ಫೋನು ಮುಟ್ಟದ ದೂರಕ್ಕೆ ಹೋಗುವ ಬೆಸ್ತರಿಗೆ ಚಂಡಮಾರುತದ ಸೂಚನೆಯನ್ನು ಗಗನ್ ಏರ್ಪಾಡಿನ ಉಪಗ್ರಹಗಳ ಮೂಲಕ ಮುಟ್ಟಿಸುವ ಸಾಧನವನ್ನು ೨೦೧೯ ರಲ್ಲಿ ತರಲಾಯಿತು. ಸ್ಥಳಕ್ಕೆ ಸಂಬಂಧವಿಲ್ಲದ ಇನ್ನೊಂದು ಉಪಯೋಗವುಂಟು. ವಿದ್ಯುಚ್ಛಕ್ತಿಯ ಜಾಲಗಳೂ ಫೋನಿನ ಗೋಪುರಗಳೂ ಒಂದಕ್ಕೊಂದು ಹೊಂದಿಕೊಂಡು ನಡೆಯಲ್ಪಡುವುದಕ್ಕೆ ಬೇಕಾದ ಸೂಕ್ಷ್ಮ ಕಾಲವನ್ನು ಈ ಉಪಗ್ರಹಗಳಿಂದಲೇ ಪಡೆಯುವುವು.

ಗ್ರಾಮದ ಹಿರಿಯರು ಗಮನಿಸತಕ್ಕ ಅಂಶಗಳು

೧. ಫೋನಿನ ಲೆಕ್ಕವನ್ನು ನಂಬಿ ಬಾಂದುಕಲ್ಲನ್ನಾಗಲಿ ಬದುವನ್ನಾಗಲಿ ಬೇಲಿಯನ್ನಾಗಲಿ ಸರಿಸಕೂಡದು. ೧೯೬೪ ನೆಯ ಕರ್ನಾಟಕ ಭೂಕಂದಾಯ ಅಧಿನಿಯಮದಂತೆ ಎಲ್ಲೆಯ ಗುರುತುಗಳನ್ನು ಕಾಪಾಡುವ ಹೊಣೆಯು ಹಿಡುವಳಿದಾರನದು. ಅವನ್ನು ಕೆಡಿಸುವುದು ದಂಡನೆಗೆ ಗುರಿಯಾದುದು.

೨. ಎಲ್ಲೆಯಲ್ಲಿ ಸಂದೇಹವಿದ್ದರೆ ಹದ್ದುಬಸ್ತಿಗೆ ಅರ್ಜಿಯನ್ನು ಕೊಟ್ಟು, ಭೂಮಾಪಕರು ಬರುವ ದಿವಸ ನೆರೆಹೊಲದವರೂ ಸ್ಥಳದಲ್ಲಿರುವಂತೆ ಏರ್ಪಡಿಸುವುದು ಉತ್ತಮ.

೩. ಉಪಗ್ರಹದ ಯಂತ್ರದಿಂದ ಅಳತೆಯಾದಲ್ಲಿ, ಅದು ಸ್ಥಿರ ಕೇಂದ್ರದಿಂದ ತಿದ್ದುಪಡಿಯನ್ನು ಪಡೆಯುತ್ತಿದೆಯೇ ಎಂದು ವಿನಯದಿಂದ ಕೇಳಬಹುದು. ತಿದ್ದುಪಡಿಯು ಬಾರದಿದ್ದರೆ ಬೆಲೆಬಾಳುವ ಯಂತ್ರವೂ ಮೀಟರುಗಟ್ಟಲೆ ತಪ್ಪುವುದು. ಉಳಿದಿರುವ ಹಳೆಯ ಕಲ್ಲುಗಳನ್ನೂ ಟಿಪ್ಪಣಿಯನ್ನೂ ಅಳತೆಯೊಡನೆ ತಾಳೆ ನೋಡುವಂತೆ ಕೋರಬೇಕು.

೪. ಬೆಳೆ ಸಮೀಕ್ಷೆಯ ಚಿತ್ರವನ್ನು ತೆಗೆಯುವಾಗ ಬದುವಿನ ಮೇಲೆ ನಿಲ್ಲದೆ ಹೊಲದ ನಡುವೆ ನಿಲ್ಲಬೇಕು. ಅಂಚಿನಲ್ಲಿ ನಿಂತರೆ ನಿಮ್ಮ ಪೈರು ನೆರೆಯವನ ಸರ್ವೆ ನಂಬರಿಗೆ ಸೇರಿಹೋಗಬಹುದು. ಫೋನನ್ನು ತೆರೆದ ಆಕಾಶಕ್ಕೆ ಹಿಡಿದು ಒಂದೆರಡು ನಿಮಿಷ ಕಾದರೆ ಲೆಕ್ಕವು ಸ್ಥಿರವಾಗುವುದು.

೫. ತೋಟಗಳಲ್ಲಿ ಮರಗಳ ನೆರಳನ್ನು ಬಿಟ್ಟು ತೆರಪಿರುವ ಕಡೆಯಲ್ಲಿ ನಿಂತು ನೋಡತಕ್ಕದ್ದು. ಬೇರೆ ಬೇರೆ ಹೊತ್ತಿನಲ್ಲಿ ಎರಡು ಮೂರು ಸಲ ನೋಡಿದರೆ ತಪ್ಪಿನ ಅಂದಾಜು ತಾನಾಗಿಯೇ ತಿಳಿಯುವುದು.

ಈ ಕೊನೆಯ ಮಾತನ್ನು ವ್ಯಾಜ್ಯದಲ್ಲಿರುವವರಿಗೂ ತೋರಿಸಬಹುದು. ಫೋನು ಸುಳ್ಳಾಗದೆಂದು ವಾದಿಸುವ ತರುಣನನ್ನು ಒಂದು ಬಾಂದುಕಲ್ಲಿನ ಬಳಿಗೆ ಕರೆದುಕೊಂಡು ಹೋಗಿ, ಬೆಳಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ, ಸಂಜೆ ಒಂದು ಸಲ ಅದೇ ಕಲ್ಲಿನ ಮೇಲೆ ಫೋನನ್ನಿಟ್ಟು, ಬಂದ ಅಂಕಿಗಳನ್ನು ಅವನಿಂದಲೇ ಬರೆಯಿಸಿರಿ. ಅಂಕಿಗಳು ಮೂರು ಬಗೆಯಾಗಿ ಬರುವ ಸಂಭವವೇ ಹೆಚ್ಚು. ಕಲ್ಲು ಮಾತ್ರ ಒಂದೇ. ಇದನ್ನು ಅವನು ತನ್ನ ಕಣ್ಣಾರೆ ಕಂಡಮೇಲೆ, ಯಾವುದನ್ನು ಯಾವ ಕೆಲಸಕ್ಕೆ ನಂಬಬೇಕೆಂಬುದನ್ನು ಬೇರೆ ಯಾರೂ ಅವನಿಗೆ ಹೇಳಬೇಕಾಗುವುದಿಲ್ಲ. ಎರಡು ಮನೆಗಳ ನಡುವೆ ಹುಟ್ಟಬಹುದಾದ ಹಗೆಯೂ ಅಲ್ಲಿಗೇ ತಪ್ಪೀತು.